ಹೊಡಿಯುವವ ಬೇಕು, ಆದ್ರೆ ಅವನ ಮುಂದೆ ಬೇಸಲ್ಲಿ ಯಾರುಂಟು?

ನಮ್ಮ ಬದಿಯಡ್ಕ, ಪೆರ್ಲ ಕಡೆ ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್ ಟೀಮ್ ಮಾಡುವಾಗ ಮೊದಲು ಕೇಳುದೇ "ಹೊಡಿಯುವವ ಯಾರುಂಟು" ಅಂತ. ಅದೇ ಅಭ್ಯಾಸದಲ್ಲಿ ಬೇಸ್‌ಬಾಲಿಗೂ ಬಾಲನ್ನು ಅಡಿಕೆ ತೋಟಕ್ಕೆ ಹಾಕುವ ನಾಲ್ಕು ಜನರನ್ನು ಹಿಡ್ಕೊಂಡು ಬಂದ್ರೆ ಟೀಮ್ ಆಗುದಿಲ್ಲ ಮಾರಾಯ್ರೆ.

ಕ್ರಿಕೆಟಲ್ಲಿ ಸಿಕ್ಸ್ ಯಾವಾಗ ಹೊಡೆದ್ರೂ ಆರೇ. ಇಲ್ಲಿ ಹಾಗಲ್ಲ, ಬೇಸ್ ಅಂದ್ರೆ ಓಡಿ ಹೋಗಿ ನಿಲ್ಲುವ ಮೂರು ಜಾಗ, ಅದನ್ನೆಲ್ಲ ಸುತ್ತಿ ಬ್ಯಾಟ್ ಮಾಡಿದಲ್ಲಿಗೇ ವಾಪಸ್ ಬಂದ್ರೆ 1 ರನ್. ಬೇಸೆಲ್ಲ ಖಾಲಿ ಇದ್ರೆ ಹೋಮ್ ರನ್ನಿಗೆ, ಅಂದ್ರೆ ಬಾಲ್ ಮೈದಾನದ ಹೊರಗೆ ಹೋದ್ರೆ, 1 ರನ್, ಮೂರೂ ಬೇಸ್ ತುಂಬಿದ್ರೆ ಅದೇ ಹೊಡೆತಕ್ಕೆ 4. ಹಾಗಾಗಿ ಮೊದಲು ಬೇಸಿಗೆ ಹೋಗಿ ನಿಲ್ಲುವವರನ್ನು ಹುಡುಕಿ, 1, 2ನೇ ನಂಬರಿಗೆ ಅವಸರ ಇಲ್ಲದವರು, ನಾಲ್ಕು ಕೆಟ್ಟ ಬಾಲ್ ಬಿಟ್ಟು ವಾಕ್ ತಕ್ಕೊಂಡು, ಅಂದ್ರೆ ಹೊಡಿಯದೇ ಫಸ್ಟ್ ಬೇಸಿಗೆ, ಹೋದ್ರೂ ಆಯ್ತು, ಅದ್ರಲ್ಲಿ ನಾಚಿಕೆ ಎಂತದ್ದೂ ಇಲ್ಲ. 3, 4ಕ್ಕೆ ಹೊಡಿಯುವವರು. 4ನೆಯವನಿಗೆ ಕ್ಲೀನಪ್ ಅನ್ನುದು, ಬೇಸಲ್ಲಿದ್ದವರನ್ನೆಲ್ಲ ಗುಡಿಸಿ ಮನೆಗೆ ಕಳಿಸುವ ಕೆಲಸ ಅವಂದು. 5ನೆಯವನೂ ಸ್ವಲ್ಪ ಹೊಡಿಯುವವನೇ ಬೇಕು, ಇಲ್ಲದಿದ್ರೆ ಎದುರಿನವರು ಬೇಕಂತಲೇ 4ನೆಯವನಿಗೆ ವಾಕ್ ಕೊಟ್ಟು ಇವನನ್ನು ಔಟ್ ಮಾಡಿ ಕೂತ್ಕೊಳ್ತಾರೆ.

ಆಯ್ಕೆಗೆ ಒಂದು ನೋಟ್‌ಬುಕ್ ಸಾಕು. ಹೊಡೆದು ಒಂದನೇ ಬೇಸ್ ಮುಟ್ಟಿದ್ರೆ ಸಿಂಗಲ್, ಎರಡನೇದಾದ್ರೆ ಡಬಲ್, ಮೂರನೇದಾದ್ರೆ ಟ್ರಿಪಲ್. ಸಿಂಗಲ್ಲಿಗೆ 1, ಡಬಲ್ಲಿಗೆ 2, ಟ್ರಿಪಲ್ಲಿಗೆ 3, ಹೋಮ್ ರನ್ನಿಗೆ 4 ಅಂತ ಕೂಡಿಸಿ ಎಷ್ಟು ಅಟ್ ಬ್ಯಾಟ್ (ವಾಕ್ ಎಲ್ಲ ಬಿಟ್ಟು ಬ್ಯಾಟಿಂಗಿಗೆ ಬಂದ ಸಲ) ಆಯ್ತೋ ಅದ್ರಿಂದ ಭಾಗಿಸಿದ್ರೆ ಸ್ಲಗ್ಗಿಂಗ್, ಅಂದ್ರೆ ಹೊಡೆತದ ಬಲದ ಲೆಕ್ಕ, ಸಿಗ್ತದೆ, ಪಕ್ಕದಲ್ಲೇ ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಆಗಿ ಔಟ್) ಎಷ್ಟು ಅಂತಲೂ ಬರೀರಿ. ಅಮೆರಿಕದ ದೊಡ್ಡ ಲೀಗಲ್ಲಿ 2009ರಲ್ಲಿ ಅರಿಜೋನಾ ಟೀಮಿನ ಮಾರ್ಕ್ ರೆನಾಲ್ಡ್ಸ್ 44 ಹೋಮ್ ರನ್ ಹೊಡೆದ, ಅದೇ ಸೀಸನಲ್ಲಿ 223 ಸಲ ಸ್ಟ್ರೈಕೌಟೂ ಆದ. ಅಂಥವ ಒಬ್ಬ ಇದ್ರೆ ಆಟಕ್ಕೆ ಚಂದ, ಒಂಬತ್ತೂ ಜನ ಅಂಥವರೇ ಆದ್ರೆ ದೇವರೇ ಗತಿ.

2019ರಲ್ಲಿ ಮಿನೆಸೋಟಾ ಟ್ವಿನ್ಸ್ 307 ಹೋಮ್ ರನ್ ಹೊಡೆದು ರೆಕಾರ್ಡ್ ಮಾಡಿ, ಪ್ಲೇಆಫಲ್ಲಿ ಯಾಂಕೀಸ್ ಎದುರು ಒಂದೂ ಗೆಲ್ಲದೆ 3-0 ಅಂತ ಮನೆಗೆ ಹೋದ್ರು. 2014ರ ಕಾನ್ಸಾಸ್ ಸಿಟಿ ರಾಯಲ್ಸ್ ಬರೀ 95 ಹೋಮ್ ರನ್, ಲೀಗಲ್ಲೇ ಕಡಿಮೆ, ಆದ್ರೆ ಬೇಸ್ ಕದಿಯುದು (ಹೊಡೆತಕ್ಕೆ ಕಾಯದೇ ಮುಂದಿನ ಬೇಸಿಗೆ ಓಡುದು), ಫೀಲ್ಡಿಂಗ್, ಕೊನೆಗೆ ಬರುವ ಪಿಚರುಗಳು, ಅಂದ್ರೆ ಬಾಲ್ ಎಸೆಯುವವರು, ಇದ್ರಲ್ಲೇ ಫೈನಲ್ಲಾದ ವರ್ಲ್ಡ್ ಸೀರೀಸಿನ ಏಳನೇ ಮ್ಯಾಚಿನವರೆಗೆ ಎಳೆದ್ರು, ಗೆಲ್ಲಲಿಲ್ಲ ಅನ್ನಿ.

ಇನ್ನು ಈ ಹೊಡಿಯುವವನನ್ನು ಫೀಲ್ಡಲ್ಲಿ ಎಲ್ಲಿ ನಿಲ್ಲಿಸುದು? ಓಡ್ಲಿಕ್ಕೆ ಉದಾಸೀನ ಇದ್ರೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ), ಸೆಂಟರ್ ಫೀಲ್ಡ್ (ಹಿಂದೆ ನಡು ಮೈದಾನ) ಕೊಡ್ಲೇಬೇಡಿ. ಎಸೆದ ಬಾಲ್ ಹಿಡಿಯುವಷ್ಟು ಕೈ ಉಂಟಾದ್ರೆ ಫಸ್ಟ್ ಬೇಸ್, ಅದೂ ಇಲ್ಲದಿದ್ರೆ ಲೆಫ್ಟ್ ಫೀಲ್ಡ್. ಮತ್ತೆ ಟೂರ್ನಮೆಂಟಿನ ರೂಲಲ್ಲಿ ಡಿಎಚ್ (ಡೆಸಿಗ್ನೇಟೆಡ್ ಹಿಟ್ಟರ್, ಬ್ಯಾಟ್ ಮಾಡ್ಲಿಕ್ಕೆ ಮಾತ್ರ ಇರುವವ) ಉಂಟಾ ಅಂತ ಮೊದಲೇ ಕೇಳಿ ಇಟ್ಕೊಳ್ಳಿ, ಇದ್ರೆ ಅವ ಪಿಚರಿನ ಬದಲಿಗೆ ಬ್ಯಾಟ್ ಮಾತ್ರ ಮಾಡಿ ಬಾಕಿ ಹೊತ್ತು ನೆರಳಲ್ಲಿ ಕೂತಿರ್ಲಿ.