ಕುಡಿತ ಬಿಟ್ಟವರ ದುಡಿಮೆಗೆ ಸರ್ಕಾರಿ ಹಣ: ಬಳ್ಳಾರಿಯಲ್ಲಿ ನಾವು ಮಾಡುವ ರೀತಿ

ವ್ಯಸನಮುಕ್ತಿ ಕೇಂದ್ರದ ಹಾಸಿಗೆಗೆ, ಊಟಕ್ಕೆ, ಸಿಬ್ಬಂದಿ ಸಂಬಳಕ್ಕೆ ಸರ್ಕಾರದ ಅನುದಾನ ಸಿಗುತ್ತದೆ. ಅದೇ ಕೇಂದ್ರದ ಗೇಟು ದಾಟಿ ಸಂಡೂರಿಗೋ ಸಿರುಗುಪ್ಪಕ್ಕೋ ಮರಳಿದವನ ಬೆನ್ನಿಗೆ ನಿಲ್ಲುವ ಮನುಷ್ಯನಿಗೆ ಹಣ ಸಿಗುವುದು ಕಷ್ಟ. ಮತ್ತೆ ಕುಡಿತಕ್ಕೆ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಮನೆಗೆ ಹೋದ ಮೊದಲ ಮೂರು ತಿಂಗಳಲ್ಲೇ. ಹಾಗಾಗಿ ನಮ್ಮ ಸಂಸ್ಥೆಯಲ್ಲಿ ನಾವು ಅನುದಾನದ ಪ್ರಸ್ತಾವ ಬರೆಯುವಾಗ ಕಟ್ಟಡ, ಮಂಚ, ಕಂಪ್ಯೂಟರ್ ಕೇಳುವುದಿಲ್ಲ. ತಾನೇ ಕುಡಿದು, ಬಿಟ್ಟು, ಈಗ ಇನ್ನೊಬ್ಬರ ಜೊತೆ ನಿಲ್ಲುವ ಪಿಯರ್ ಕಾರ್ಯಕರ್ತನ ಗೌರವಧನ, ಬಸ್ ಚಾರ್ಜು, ಫೋನಿನ ಖರ್ಚು, ಇಷ್ಟನ್ನೇ ಕೇಳುತ್ತೇವೆ.

ಹಣ ಎಲ್ಲಿಂದ ಬರುತ್ತದೆ ಎಂಬುದು ಮೊದಲ ಪ್ರಶ್ನೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2018ರಿಂದ ನಡೆಸುವ ಮಾದಕ ವಸ್ತು ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲಿ ಪುನರ್ವಸತಿ ಕೇಂದ್ರಗಳಿಗೂ ಜನ ಇರುವಲ್ಲಿಗೇ ಹೋಗಿ ತಲುಪುವ ಹೊರಸಂಪರ್ಕ ಕೇಂದ್ರಗಳಿಗೂ ಅನುದಾನವಿದೆ. ಪುನರ್ವಸತಿ ಕೇಂದ್ರದ ಸಿಬ್ಬಂದಿ ಪಟ್ಟಿಯಲ್ಲಿ ಪಿಯರ್ ಎಜುಕೇಟರ್ ಹುದ್ದೆಯೂ ಇದೆ. ಅದೇ ಯೋಜನೆಯಲ್ಲಿ ‘ಪಿಯರ್’ ಎಂಬ ಹೆಸರು ಹೊತ್ತ ಇನ್ನೊಂದು ಘಟಕವಿದೆ. ಅದು ಮಕ್ಕಳು ಮತ್ತು ಹದಿಹರೆಯದವರು ಚಟಕ್ಕೆ ಬೀಳದಂತೆ ತಡೆಯುವ ಕೆಲಸ. ಹೆಸರು ನೋಡಿ ಅದರಡಿ ಅರ್ಜಿ ಹಾಕಿದರೆ ದೊಡ್ಡವರ ಜೊತೆ ಕೆಲಸ ಮಾಡಲು ಆಗುವುದಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ದಾರಿ ಇದೆ: ಗಣಿ ಗುತ್ತಿಗೆದಾರರು ರಾಯಧನದ ಜೊತೆಗೆ ಕಟ್ಟುವ ಹಣದಿಂದ ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಮಾರ್ಗಸೂಚಿ ಅದರ ಕನಿಷ್ಠ ಶೇ 60 ಭಾಗವನ್ನು ಆರೋಗ್ಯ, ಶಿಕ್ಷಣ, ಕುಡಿಯುವ ನೀರಿನಂಥ ಆದ್ಯತೆಯ ವಲಯಗಳಿಗೆ ಮೀಸಲಿಟ್ಟಿತ್ತು, 2024ರಲ್ಲಿ ಅದು ಶೇ 70ಕ್ಕೆ ಏರಿತು. ಗಣಿ ಲಾರಿ ಓಡಿಸುವವರ, ಲೋಡಿಂಗ್ ಕೂಲಿಗಳ ಕುಡಿತ ಆರೋಗ್ಯದ ವಿಷಯವೇ. ಇಲ್ಲಿ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಹೋದ ಅರ್ಜಿಗಿಂತ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಮೂಲಕ ಹೋದ ಪ್ರಸ್ತಾವ ಬೇಗ ಮುಂದೆ ಸಾಗುತ್ತದೆ. ಪ್ರಸ್ತಾವದ ಮೊದಲ ಪ್ಯಾರಾದಲ್ಲೇ ನಾವು ‘ಬಳ್ಳಾರಿ ಮಾದರಿ’ಯನ್ನು ನೆನಪಿಸುತ್ತೇವೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಇದೇ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಪಾಯ. ವೈದ್ಯರಲ್ಲದವರ ಕೈಲೂ ಈ ಕೆಲಸ ಆಗುತ್ತದೆ ಎಂಬುದು ಇದೇ ಮಣ್ಣಿನಲ್ಲಿ ರುಜುವಾಗಿದೆ ಎಂದು ಬರೆದರೆ ಅಧಿಕಾರಿಗಳು ಮುಂದಿನ ಪುಟ ತಿರುವುತ್ತಾರೆ.

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ತಾವೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳನ್ನು ಬಜೆಟ್ಟಿನಲ್ಲಿ ತೋರಿಸಬಾರದು. ಹೊರಗಿನ ಹಣ ಮುಟ್ಟಬಾರದು, ಗುಂಪಿನ ಖರ್ಚನ್ನು ಗುಂಪೇ ಹೊರಬೇಕು ಎಂಬುದು ಅವರ ಏಳನೇ ಸಂಪ್ರದಾಯ. ಮೀಟಿಂಗ್ ಕೋಣೆಯ ಬಾಡಿಗೆಯನ್ನೂ ಅವರು ತಮ್ಮ ಕಾಣಿಕೆಯಿಂದಲೇ ಕೊಡುತ್ತಾರೆ. ನಮ್ಮ ಕಾರ್ಯಕರ್ತ ಆ ಗುಂಪಿನ ಸದಸ್ಯನೂ ಆಗಿರಬಹುದು. ಆದರೆ ಅಲ್ಲಿ ಕೂತ ಸಂಜೆಯನ್ನು ಇಲ್ಲಿನ ಹಾಜರಿ ಪುಸ್ತಕಕ್ಕೆ ಏರಿಸುವಂತಿಲ್ಲ. ಇದನ್ನು ನೇಮಕದ ದಿನವೇ ಬರೆದುಕೊಡುತ್ತೇವೆ.

ಇನ್ನು ಲೆಕ್ಕ. ಇಬ್ಬರು ಕಾರ್ಯಕರ್ತರು, ವಾರಕ್ಕೆ ನಾಲ್ಕು ದಿನದ ಕೆಲಸ, ಹನ್ನೆರಡು ತಿಂಗಳು. ತಿಂಗಳಿಗೆ ತಲಾ 12,000 ಗೌರವಧನದಂತೆ 2,88,000 ರೂಪಾಯಿ. ಪ್ರಯಾಣ ತಲಾ 2,500ರಂತೆ 60,000. ಫೋನ್ ತಲಾ 300ರಂತೆ 7,200. ವಾರಕ್ಕೆ ನಾಲ್ಕು ಗುಂಪು ಸಭೆ, ಚಹಾ-ಚಾಪೆಗೆ ಸಭೆಗೆ 150ರಂತೆ 31,200. ತಿಂಗಳಿಗೊಮ್ಮೆ ಆಪ್ತಸಮಾಲೋಚಕರು ಬಂದು ಕಾರ್ಯಕರ್ತರ ಜೊತೆ ಕೂರುವುದಕ್ಕೆ 1,500ರಂತೆ 18,000. ಆರಂಭದ ತರಬೇತಿಗೆ 20,000, ಆಡಿಟ್ ಮತ್ತು ಮುದ್ರಣಕ್ಕೆ 15,000. ಒಟ್ಟು 4,39,400. ಸಭೆಗೆ ಬಾಡಿಗೆ ಇಡುವುದಿಲ್ಲ, ಗ್ರಾಮ ಪಂಚಾಯಿತಿಯಿಂದ ಒಂದು ಠರಾವು ಮಾಡಿಸಿದರೆ ಸಭಾಭವನ ಸಿಗುತ್ತದೆ. ಕುಡಿಯುವವರ ಹೆಂಡತಿ, ತಾಯಂದಿರ ಸಭೆಗೆ ಪ್ರಯಾಣ ವೆಚ್ಚವೂ ಬೇಕಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಅವರಿಗೆ ಉಚಿತ. ಕತ್ತರಿ ಹಾಕುವವರು ಮೊದಲು ಕೈ ಇಡುವುದು ಸಮಾಲೋಚಕರ ಆ 18,000ದ ಮೇಲೆ. ಅದನ್ನು ಬಿಡಬೇಡಿ. ದಿನವೂ ಬೇರೆಯವರ ಕುಡಿತದ ಕಥೆ ಕೇಳುವವನಿಗೆ ತನ್ನ ಭಾರ ಇಳಿಸಲು ಜಾಗ ಇಲ್ಲದಿದ್ದರೆ ಮೊದಲು ಜಾರುವವನು ಅವನೇ.

ಇಬ್ಬರನ್ನೇ ಯಾಕೆ ಎಂದು ಕೇಳುತ್ತಾರೆ. ಒಬ್ಬನೇ ಇದ್ದು ಅವನು ಜಾರಿದರೆ ಆ ಊರಿನ ಗುಂಪೇ ಚದುರುತ್ತದೆ. ಕಾರ್ಯಕರ್ತ ಮತ್ತೆ ಕುಡಿದರೆ ಏನು ಮಾಡಬೇಕೆಂದು ಮೊದಲೇ ಕಾಗದದಲ್ಲಿರಬೇಕು. ನಮ್ಮಲ್ಲಿ ಅವನನ್ನು ಕೆಲಸದಿಂದ ತೆಗೆಯುವುದಿಲ್ಲ. ಆ ತಿಂಗಳ ಗೌರವಧನ ಕೊಡುತ್ತೇವೆ, ಚಿಕಿತ್ಸೆಗೆ ಕಳಿಸುತ್ತೇವೆ, ಮನೆ ಭೇಟಿ ಮತ್ತು ಹಣದ ವ್ಯವಹಾರದಿಂದ ಮೂರು ತಿಂಗಳು ದೂರ ಇಡುತ್ತೇವೆ. ಈ ನಿಯಮ ಇಲ್ಲದ ಕಡೆ ಕುಡಿದವನು ಮುಚ್ಚಿಡುತ್ತಾನೆ, ಮುಚ್ಚಿಟ್ಟಷ್ಟೂ ಆಳಕ್ಕೆ ಇಳಿಯುತ್ತಾನೆ.

ದಿನದ ಕೆಲಸ ಸಣ್ಣಸಣ್ಣದು. ಮಂಗಳವಾರ ಮಾನಸಿಕ ಚಿಕಿತ್ಸೆಯ ಮನೋಚೈತನ್ಯ ಕ್ಲಿನಿಕ್ ನಡೆಯುವಾಗ ತಾಲೂಕು ಆಸ್ಪತ್ರೆಯ ಓಪಿಡಿ ಬೆಂಚಿನಲ್ಲಿ ಕೂರುವುದು, ಗುಳಿಗೆ ತೆಗೆದುಕೊಂಡವರ ಮುಂದಿನ ತಾರೀಕು ಬರೆದುಕೊಳ್ಳುವುದು. ಶನಿವಾರ ಸಂಜೆ ಎಲ್ಲಕ್ಕಿಂತ ಮುಖ್ಯ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಅಂದು ಬಟವಾಡೆ. ಕೈಗೆ ದುಡ್ಡು ಬಂದ ಗಳಿಗೆಗೂ ಅಂಗಡಿ ಮುಟ್ಟುವ ಗಳಿಗೆಗೂ ನಡುವೆ ಒಂದು ಫೋನು ಹೋಗಬೇಕು: “ತಮ್ಮಾ, ಬಟವಾಡಿ ಆತೇನು? ರೊಕ್ಕ ಮನಿಯಾಗ ಕೊಟ್ಟು ಈ ಕಡೆ ಬಾ, ಚಹಾ ಕುಡಿಯೋಣು.” ಈ ಮಾತನ್ನು ವೈದ್ಯರು ಹೇಳಿದರೆ ಬುದ್ಧಿಮಾತಾಗುತ್ತದೆ, ಅದೇ ಓಣಿಯಲ್ಲಿ ಕುಡಿದು ಬಿದ್ದಿದ್ದವನು ಹೇಳಿದರೆ ಕಾಲು ತಿರುಗುತ್ತದೆ. ತಿಂಗಳಿಗೆ 300 ರೂಪಾಯಿ ಫೋನ್ ಖರ್ಚು ಇರುವುದು ಇದಕ್ಕೇ.

ತರಬೇತಿಯಲ್ಲಿ ಒಂದು ವಿಷಯವನ್ನು ಬಾಯಿಪಾಠ ಮಾಡಿಸುತ್ತೇವೆ. ದಿನವೂ ಕುಡಿಯುವವನಿಗೆ ‘ಇವತ್ತೇ ಬಿಟ್ಟುಬಿಡು’ ಎಂದು ಹೇಳಿ ಮನೆಗೆ ಕಳಿಸಬಾರದು. ನಿಲ್ಲಿಸಿದ ಕೆಲವೇ ತಾಸಿನಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ದಿಕ್ಕು ತಪ್ಪಿ, ಇಲ್ಲದವರು ಕಾಣಿಸಿ, ಜೀವಕ್ಕೇ ಅಪಾಯವಾಗಬಹುದು. ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್), ಆಲ್ಪ್ರಜೋಲಮ್‌ನಂಥ ನಿದ್ದೆ ಬರಿಸುವ ಮದ್ದು ಬೆರೆಸಿದ ಸೇಂದಿ ಕುಡಿಯುವವರಿಗೂ ಇದೇ ಗತಿ. ಹಿಂದೆ ಫಿಟ್ಸ್ ಬಂದವರನ್ನು, ಮೈ ಹಳದಿಯಾದವರನ್ನು, ಗೊಂದಲದಲ್ಲಿ ಮಾತಾಡುವವರನ್ನು ನೇರ ದೊಡ್ಡ ಆಸ್ಪತ್ರೆಗೇ ಕರೆದೊಯ್ಯಬೇಕು. ಪ್ರಯಾಣ ವೆಚ್ಚದಲ್ಲಿ ಇಂಥ ಆಟೋ ಬಾಡಿಗೆಗೆ ಜಾಗ ಬಿಟ್ಟಿರಬೇಕು. ರಾತ್ರಿ ಹೊತ್ತಿನ ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಕಾರ್ಯಕರ್ತನ ಫೋನಿನಲ್ಲಿ ಇರಲಿ. ಮನೆಯವರು ಊಟದಲ್ಲಿ ಕಲೆಸಿಕೊಡುವ ‘ಕುಡಿತ ಬಿಡಿಸುವ ಪುಡಿ’ಯನ್ನು ಒಪ್ಪಲೇಬಾರದು. ಅದರಲ್ಲಿ ಡೈಸಲ್ಫಿರಾಮ್ ಇದ್ದು ಅವನು ತಿಳಿಯದೆ ಕುಡಿದರೆ ಬಿ.ಪಿ. ಕುಸಿದು ಪ್ರಾಣಕ್ಕೆ ಬರುತ್ತದೆ.

ತಪಾಸಣೆಗೆ ಬಂದವರ ಮೊದಲ ಪ್ರಶ್ನೆ ‘ಎಷ್ಟು ಜನ ಬಿಟ್ಟರು?’ ಈ ಸಂಖ್ಯೆಯನ್ನು ಗುರಿಯಾಗಿ ಒಪ್ಪಿಕೊಂಡರೆ ಮಾರ್ಚ್ ತಿಂಗಳಲ್ಲಿ ಸುಳ್ಳು ಪಟ್ಟಿ ತಯಾರಾಗುತ್ತದೆ. ಡಿಸ್ಚಾರ್ಜ್ ಆದ 30, 90, 180ನೇ ದಿನ ಎಷ್ಟು ಜನ ಸಂಪರ್ಕದಲ್ಲಿದ್ದರು, ಜಾರಿದವರಲ್ಲಿ ಎಷ್ಟು ಜನ ವಾರದೊಳಗೆ ಆಸ್ಪತ್ರೆಗೆ ಮರಳಿದರು, ಈ ಎರಡನ್ನೇ ನಾವು ಗುರಿಯಾಗಿ ಬರೆಯುತ್ತೇವೆ. ಜಾರಿ ಮರಳಿ ಬಂದವನು ಈ ಲೆಕ್ಕದಲ್ಲಿ ಸೋಲಾಗಿ ಕಾಣುವುದಿಲ್ಲ, ಕಾಣಬಾರದು ಕೂಡ.

ಬ್ಯಾನರ್ ಹಿಡಿಸಿ ಫೋಟೋ ಕೇಳುವುದು ಇನ್ನೊಂದು ತೊಡಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಗೆ ಸೇರಿಸಿದೆ, ಅದರ 23ನೇ ಕಲಮು ಗೋಪ್ಯತೆಯ ಹಕ್ಕು ಕೊಡುತ್ತದೆ. ನಾವು ಹಾಜರಿ ಹಾಳೆಯಲ್ಲಿ ಹೆಸರಿನ ಬದಲು ‘ಸಂ-014’ ಎಂಬಂಥ ಸಂಖ್ಯೆ ಮತ್ತು ಸಹಿ ಇಡುತ್ತೇವೆ. ಸಂಖ್ಯೆಗೆ ಹೆಸರು ಜೋಡಿಸಿದ ಒಂದೇ ರಿಜಿಸ್ಟರ್ ಬೀರುವಿನಲ್ಲಿ ಇರುತ್ತದೆ. ಅಧಿಕಾರಿ ಬಂದಾಗ ಒಬ್ಬಿಬ್ಬರ ಒಪ್ಪಿಗೆ ಪಡೆದು ಅವರನ್ನೇ ಮಾತಾಡಿಸುತ್ತೇವೆ. ಫೋಟೋ ಬೆನ್ನಿನ ಕಡೆಯಿಂದ ಮಾತ್ರ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಅನುದಾನದ ಕಂತು ತಡವಾಗುವುದು. ಗೌರವಧನ ಎರಡು ತಿಂಗಳು ನಿಂತರೆ ಕಾರ್ಯಕರ್ತ ಸಾಲ ಮಾಡುತ್ತಾನೆ, ಇಲ್ಲವೇ ಹಳೆಯ ಗೆಳೆಯರ ಲಾರಿ ಹತ್ತುತ್ತಾನೆ. ಹಾಗಾಗಿ ಇಬ್ಬರ ಮೂರು ತಿಂಗಳ ಗೌರವಧನ, ಅಂದರೆ 72,000 ರೂಪಾಯಿ, ದಾನಿಗಳ ಹಣದಿಂದ ಬೇರೆ ಖಾತೆಯಲ್ಲಿ ಇಲ್ಲದೆ ನಾವು ನೇಮಕ ಮಾಡುವುದಿಲ್ಲ. ಮಂಜೂರಾತಿ ಆದೇಶದಲ್ಲಿ ಯಾವ ತಾರೀಕಿನಿಂದ ಖರ್ಚು ಒಪ್ಪುತ್ತಾರೆ ಎಂಬುದನ್ನು ಓದಿಯೇ ಆ ಹಣ ಮರಳಿ ತುಂಬಿಕೊಳ್ಳಬೇಕು.

ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ, ಗೌರವಧನ ನಗದಾಗಿ ಕೊಡದೆ ಕಾರ್ಯಕರ್ತನ ಖಾತೆಗೇ ಹಾಕಿ. ಖಾತೆಯಲ್ಲಿ ಬೆಳೆದ ಬಡ್ಡಿ ಸಂಸ್ಥೆಯದಲ್ಲ, ಸರ್ಕಾರಕ್ಕೆ ಮರಳಿಸಬೇಕು. ಕೇಂದ್ರದ ಅನುದಾನಕ್ಕೆ, ಹಣವನ್ನು ಮಂಜೂರಾದ ಕೆಲಸಕ್ಕೇ ಬಳಸಿದ್ದೇವೆ ಎಂಬ ಬಳಕೆ ಪ್ರಮಾಣಪತ್ರವನ್ನು ಸರ್ಕಾರಿ ಹಣಕಾಸು ನಿಯಮಾವಳಿಯ ಜಿಎಫ್‌ಆರ್ 12-ಎ ನಮೂನೆಯಲ್ಲಿ, ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಕೊಡಬೇಕು. ನಾವು ಅಷ್ಟು ಕಾಯದೆ ಏಪ್ರಿಲ್‌ನಲ್ಲೇ ಆಡಿಟರ್ ಕೈಗೆ ಕಡತ ಕೊಡುತ್ತೇವೆ. ಹಿಂದಿನ ಪ್ರಮಾಣಪತ್ರ ಹೋಗದೆ ಮುಂದಿನ ಕಂತಿನ ಕಡತ ಮೇಜಿನಿಂದ ಏಳುವುದಿಲ್ಲ.