ಚೌಕಕ್ಕೊಂದು ಅಕ್ಷರ, ಸುಳಿವಿಗೆ ಮೂರು ಸಾಲು: ಕನ್ನಡ ಗೂಢ ಪದಬಂಧದಲ್ಲಿ ನನ್ನ ಅನುಭವ

ಗೂಢ ಪದಬಂಧ ಅಂದರೆ ಇಂಗ್ಲಿಷಿನವರ ಕ್ರಿಪ್ಟಿಕ್ ಕ್ರಾಸ್‌ವರ್ಡ್: ಒಂದೊಂದು ಸುಳಿವಿನಲ್ಲೂ ಉತ್ತರದ ನೇರ ಅರ್ಥವೂ ಇರುತ್ತದೆ, ಉತ್ತರ ಕಟ್ಟಿಕೊಡುವ ಅಕ್ಷರದ ಇಲ್ಲವೇ ಪದದ ಆಟವೂ ಇರುತ್ತದೆ. ಕನ್ನಡದಲ್ಲಿ ಅದು ನಡೆಯೋದಿಲ್ಲ ಅಂದವರೆಲ್ಲ ಕೊಡುತ್ತಿದ್ದ ಕಾರಣ ಒಂದೇ. ಇಂಗ್ಲಿಷಿನ ಹಾಗೆ ಅಕ್ಷರ ಬಿಡಿಸಿ ಕಲಸೋಕೆ ಆಗಲ್ಲ, ಒಂದೊಂದು ಚೌಕದಲ್ಲೂ ಕಾಗುಣಿತ, ಒತ್ತಕ್ಷರ ಗಂಟುಕಟ್ಟಿಕೊಂಡು ಕೂತಿರುತ್ತವೆ ಅಂತ. ಕಾರಣ ಸರಿ, ತೀರ್ಮಾನ ತಪ್ಪು. ನಾನು ಕಟ್ಟುವ ಗೂಢ ಪದಬಂಧದ ಹಾಳೆ ಮೈಸೂರು, ಮಂಡ್ಯ ಎರಡೂ ಕಡೆ ಸೇರಿ ಈಗ ವಾರಕ್ಕೆ ಐವತ್ತು ಅರವತ್ತು ಹೋಗುತ್ತಿದೆ, ತುಂಬಿ ವಾಪಸ್ ಬರೋದು ಮೂವತ್ತರ ಮೇಲೆ. ಪದಬಂಧ ಬಿಡಿಸಿ ಕೈ ಪಳಗಿದವರಿಗೆ ಅಂತ ಇದನ್ನು ಬರೆದಿದ್ದೇನೆ, ಅಆಇಈ ಇಲ್ಲಿಲ್ಲ.

ಮೊದಲು ಚೌಕದ ಲೆಕ್ಕ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಇಡೀ ಅಕ್ಷರ ಒಂದು ಚೌಕ. ಅದನ್ನು ಒಡೆಯಬಾರದು. ಮದ್ದೂರು ಮೂರು, ಮಂಡ್ಯ ಎರಡು. ಕಂಪ್ಯೂಟರಿನಲ್ಲಿ ಪದಪಟ್ಟಿ ಇಟ್ಟುಕೊಂಡವರು ಇಲ್ಲೇ ಮುಗ್ಗರಿಸೋದು: ಯೂನಿಕೋಡಿನಲ್ಲಿ ಮದ್ದೂರು 7 ಸಂಕೇತ, ಮಂಡ್ಯ 5. ಎಕ್ಸೆಲ್ ಎಣಿಸೋದು ಅದನ್ನೇ. ದಾರಿ ಏನೆಂದರೆ, ಸ್ವರಚಿಹ್ನೆ, ಸೊನ್ನೆ, ವಿಸರ್ಗ ಬಿಟ್ಟು ಮೂಲಾಕ್ಷರ ಮಾತ್ರ ಎಣಿಸಿ, ಒಂದೊಂದು ಹಲಂತಕ್ಕೂ (ಸ್ವರ ಅಳಿಸಿ ಒತ್ತು ಕೂಡಿಸುವ ಸಂಕೇತ) ಒಂದು ಕಳೆಯಿರಿ. ಮ, ದ, ದ, ರ ನಾಲ್ಕು, ಹಲಂತ ಒಂದು, ಉಳಿದದ್ದು ಮೂರು. ಆದರೆ ಪದದ ಕೊನೆಯಲ್ಲಿರುವ ಹಲಂತವನ್ನು ಕಳೆಯಬಾರದು. ಕಳೆದರೆ ಬಸ್ ಅನ್ನೋದು ಒಂದೇ ಚೌಕಕ್ಕೆ ಇಳಿದುಬಿಡುತ್ತದೆ. ಹಳೆಯ ನುಡಿ ಫಾಂಟಿನಲ್ಲಿರುವ ಪಟ್ಟಿಗೆ ಈ ಲೆಕ್ಕ ಹೊಂದೋದೇ ಇಲ್ಲ, ಮೊದಲು ಯೂನಿಕೋಡಿಗೆ ತಿರುಗಿಸಿಕೊಳ್ಳಿ.

ಚೌಕಟ್ಟು 15ಕ್ಕೆ 15 ಹಾಕಿದರೆ ಸಾಯಬೇಕು. ಇಂಗ್ಲಿಷಿನವರಿಗೆ ಅಡ್ಡ-ಉದ್ದ ಸೇರುವ ಕಡೆ 26ರಲ್ಲಿ ಒಂದು ಹೊಂದಿದರೆ ಸಾಕು. ನಮಗೆ ಒಂದು ಕಕಾರಕ್ಕೇ ಕಾಗುಣಿತದ ಸಾಲು ಇದೆ, ಮೇಲೆ ಒತ್ತು. 9ಕ್ಕೆ 9 ಸಾಕು, ಹದಿನಾರು ಹದಿನೆಂಟು ಪದ ಹಿಡಿಸುತ್ತದೆ. ಪದಗಳು ಕೂಡುವ ಚೌಕದಲ್ಲಿ ಬರಿಯ ಕ, ನ, ರ, ಸ, ವ, ಮ, ಲ, ದ ಬರಲಿ. ಒತ್ತಕ್ಷರವನ್ನು ಯಾವ ಪದವೂ ಹಾಯದ ಚೌಕಕ್ಕೆ ತಳ್ಳಿ. ಯಾವ ಮೂಲೆಯಿಂದ ತುಂಬಲು ಶುರು ಮಾಡುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ, ಅದು ಸಿಗೋಕೆ ತುಂಬಾ ಕಾಗದ ಹಾಳಾಗಿದೆ.

ಕಲಸಾಟ, ಅಂದರೆ ಒಂದು ಪದದ ಅಕ್ಷರ ಕದಡಿ ಇನ್ನೊಂದು ಪದ ಮಾಡೋದು, ಇಂಗ್ಲಿಷಿನಲ್ಲಿ ಅನ್ನ ಹಾಕುವ ಆಟ, ಕನ್ನಡದಲ್ಲಿ ಅದು ಬಡವ. ಎಂಟು ಬೇರೆಬೇರೆ ಅಕ್ಷರಕ್ಕೆ 40,320 ಜೋಡಣೆ ಇದ್ದರೆ, ನಮ್ಮ ಮೂರಕ್ಷರದ ಪದಕ್ಕೆ ಇರೋದು 6. ಬಿಡಿಸುವವರು ಉಳಿದ ಐದನ್ನೂ ಬಾಯಲ್ಲೇ ಹೇಳಿ ನೋಡಿಬಿಡುತ್ತಾರೆ. ಹಾಗಾಗಿ ಒಂದು ಚೌಕಟ್ಟಿಗೆ ಎರಡಕ್ಕಿಂತ ಹೆಚ್ಚು ಹಾಕೋದಿಲ್ಲ, ಹಾಕಿದರೆ ಮೇಲ್ಮಾತು, ಅಂದರೆ ಸುಳಿವು ಮೇಲುನೋಟಕ್ಕೆ ಹೇಳುವ ಮಾತು, ಗಟ್ಟಿಯಾಗಿರಬೇಕು. ‘ಮದನ ಕದಡಿದಾಗ ಶಿವ ಮಾಡಿದ್ದು (3)’. ಆವರಣದ ಅಂಕಿ ಉತ್ತರದ ಚೌಕಗಳ ಲೆಕ್ಕ. ಮ-ದ-ನ ಕದಡಿ ದ-ಮ-ನ. ಇಡೀ ಸುಳಿವೇ ಅರ್ಥವೂ ಹೌದು, ಆಟವೂ ಹೌದು. ಇಂಥದ್ದು ವರ್ಷಕ್ಕೆ ನಾಲ್ಕೈದು ಹುಟ್ಟಿದರೆ ಪುಣ್ಯ. ಮನ್ಮಥ ಈ ಕಸುಬಿಗೆ ಒಳ್ಳೆ ಬಂಡವಾಳ: ‘ಮನ್ಮಥ ಹಿಂದಿರುಗಿದರೆ ಸಿಗುವ ತಾಯಿ (2)’ ಅಂದರೆ ಮಾರ ತಿರುಗಿ ರಮಾ. ಅವಳು ಅವನ ತಾಯಿಯೇ.

ಕಲಸುವಾಗ ಕಾಗುಣಿತ ಅಕ್ಷರದ ಜೊತೆಗೇ ಓಡಾಡಬೇಕು. ಮಾನವನನ್ನು ಕಲಸಿ ವಾಮನ ಅಂತ ಬರೆಯುವವರಿದ್ದಾರೆ. ಅದು ನಡೆಯದು. ಮಾ ಇದ್ದದ್ದು ಮ ಆಗಿದೆ, ವ ಇದ್ದದ್ದು ವಾ ಆಗಿದೆ. ದೀರ್ಘವನ್ನೇ ಸರಿಸಬೇಕಾದರೆ ಸುಳಿವಿನಲ್ಲಿ ಹೇಳಿ ಸರಿಸಿ. ‘ದಾಸರ ದೀರ್ಘ ಕೊನೆಗೆ ಸರಿದರೆ ಮೈಸೂರಿಗೆ ಹಬ್ಬ (3)’. ದಾ-ಸ-ರ ಹೋಗಿ ದ-ಸ-ರಾ. ಇಂಗ್ಲಿಷಿನಲ್ಲಿ ಇಲ್ಲದ ಆಟ ಇದು. ‘ಅಕ್ಷರ ಒಡೆಯಲ್ಲ ಅಂದವರು ನೀವೇ ಒಡೆದಿರಿ’ ಅಂತ ತಕರಾರು ಬಂತು. ಒಡೆದಿಲ್ಲ, ಚಿಹ್ನೆ ಸರಿಸಿದೆ, ಅದನ್ನು ಸುಳಿವಿನಲ್ಲೇ ಸಾರಿದೆ. ಸಾರದೆ ಸರಿಸಿದರೆ ಮೋಸ.

ನಮ್ಮ ನಿಜವಾದ ಆಸ್ತಿ ಸಂಧಿ. ಲೋಪಸಂಧಿಗೆ ಬೇರೆ ಸೂಚನೆ ಬೇಡ, ಎಲ್ಲರ ಬಾಯಲ್ಲೂ ಅದು ತಾನಾಗೇ ಆಗುತ್ತದೆ. ಔಷಧಿಯ ಮದ್ದು, ಗ್ರಾಮದ ಊರು ಕೂಡಿ ಮದ್ದೂರು. ಅರ್ಥಕ್ಕೆ ‘ವಡೆ ತಿನ್ನಲು ರೈಲು ನಿಲ್ಲುವ ಕಡೆ’ ಅಂತ ಬರೆದರೆ ಮಂಡ್ಯದವರು ನಗುತ್ತಾರೆ. ಸಂಧಿಯೇ ಇಲ್ಲದೆ ಕೂಡುವವೂ ಇವೆ: ‘ದೇಹಕ್ಕೆ ಛಾವಣಿ ಸಿಕ್ಕ ನಗರ (3)’, ಮೈ ಮತ್ತು ಸೂರು. ಆದೇಶಸಂಧಿಗೆ ಮಾತ್ರ ಸೂಚನೆ ಬೇಕು. ಕ, ತ, ಪ ಹೋಗಿ ಗ, ದ, ಬ ಆಗೋದಕ್ಕೆ ‘ಮೆತ್ತಗಾಗಿ’ ಅನ್ನೋ ಮಾತು ಇಟ್ಟುಕೊಂಡಿದ್ದೇನೆ. ‘ದುರ್ಗೆ ಮೆತ್ತಗಾದಾಗ ಬೀಸಿದ್ದು (2)’. ಕಾಳಿ ಮೆತ್ತಗಾಗಿ ಗಾಳಿ. ಮೊದಲ ವಾರ ಒಬ್ಬರಿಗೂ ಹೊಳೆಯಲಿಲ್ಲ, ಎರಡನೇ ಸಲ ಬಂದಾಗ ಹಳಬರೆಲ್ಲ ಹಿಡಿದರು.

ಊರ ಹೆಸರು ಸುಲಭವಾಗಿ ಒಡೆಯುತ್ತದೆ ಅಂತ ಎಲ್ಲವನ್ನೂ ಒಡೆಯಬೇಡಿ. ನಂಜನಗೂಡನ್ನು ನಂಜನ, ಗೂಡು ಅಂತ ಒಡೆದರೆ ಊರಿನ ಹೆಸರು ಹುಟ್ಟಿದ್ದೇ ಹಾಗೆ. ಅದು ಸುಳಿವಲ್ಲ, ವಿವರಣೆ. ಭಾಗಗಳ ಅರ್ಥಕ್ಕೂ ಇಡೀ ಪದದ ಅರ್ಥಕ್ಕೂ ನೆಂಟಸ್ತಿಕೆ ಇರಬಾರದು. ಮೈಸೂರಿನಲ್ಲಿ ಮೈಯೂ ಇಲ್ಲ, ಸೂರೂ ಇಲ್ಲ, ಅದಕ್ಕೇ ಅದು ಚೆನ್ನ.

ಇಷ್ಟೆಲ್ಲ ಇದ್ದೂ ಮೊದಲ ವರ್ಷ ಹಾಳೆ ಓಡಲಿಲ್ಲ. ಉತ್ತರ ಮಾತ್ರ ಅಚ್ಚು ಹಾಕುತ್ತಿದ್ದೆ, ತುಂಬಿ ಬರುತ್ತಿದ್ದದ್ದು ಐದಾರು. ಮೈಸೂರಿನ ಒಂದು ಪತ್ರಿಕೆಯವರು ಮಾದರಿ ನೋಡಿ ‘ನಮ್ಮ ಓದುಗರಿಗೆ ಕಷ್ಟ’ ಅಂತ ವಾಪಸ್ ಕಳಿಸಿದರು. ಪುಣ್ಯಕ್ಕೆ ಕಳಿಸಿದರು ಅನ್ನಿ. ಹಾಳೆ ಓಡಿಸಿದ್ದು ವಿವರಣೆ. ಮುಂದಿನ ಬದಿ ಹೊಸ ಪದಬಂಧ, ಹಿಂದಿನ ಬದಿ ಹೋದ ವಾರದ್ದಕ್ಕೆ ಸುಳಿವಿಗೆ ಮೂರು ಸಾಲಿನಂತೆ ವಿವರಣೆ. ಮೊದಲ ಸಾಲು ಅರ್ಥ, ಅಂದರೆ ಸುಳಿವಿನ ಯಾವ ತುಂಡು ಉತ್ತರದ ನೇರ ಅರ್ಥ ಅಂತ. ಎರಡನೆಯದು ಆಟ, ಕೂಡು ಕಳೆ ಗುರುತು ಹಾಕಿ. ಮೂರನೆಯದು ಉಳಿಕೆ: ಕೆಲಸವಿಲ್ಲದೆ ನಿಂತ ಪದ ಯಾವುದು.

ಒಂದನ್ನು ಬಿಡಿಸಿ ತೋರಿಸುತ್ತೇನೆ. ‘ಬಿಸಿ ಹೆಚ್ಚಿ ಹರಿದವಳು (3)’.
ಅರ್ಥ: ಹರಿದವಳು.
ಆಟ: ಕಾವು (ಬಿಸಿ) + ಏರಿ (ಹೆಚ್ಚಿ) = ಕಾವೇರಿ, ಲೋಪಸಂಧಿ.
ಉಳಿಕೆ: ಇಲ್ಲ.

ಮೂರನೆಯ ಸಾಲೇ ಪ್ರಾಣ. ಓದುವವರಿಗಿಂತ ಬರೆಯುವವರಿಗೆ ಅದು ಹೆಚ್ಚು ಬೇಕು. ಚಂದಕ್ಕೆ ಅಂತ ಸೇರಿಸಿದ ‘ಮಂಡ್ಯದಲ್ಲಿ’, ‘ನಮ್ಮ’ ಇಂಥವೆಲ್ಲ ಅಲ್ಲಿ ಬಂದು ಬಿದ್ದಿರುತ್ತವೆ. ಒಂದು ಪದ ಬಿದ್ದಿದ್ದರೂ ಸುಳಿವು ಇನ್ನೂ ಬೆಂದಿಲ್ಲ, ತಿದ್ದಬೇಕು. ವಿವರಣೆಯನ್ನು ಚೌಕಟ್ಟು ಅಚ್ಚಿಗೆ ಹೋಗುವ ಮುಂಚೆಯೇ ಬರೆದಿಡಿ, ಆಮೇಲೆ ಬರೆದರೆ ಮನಸ್ಸು ಸಬೂಬು ಹುಡುಕುತ್ತದೆ.

ಬಿಡಿಸುವವರನ್ನು ಅತಿ ಹೆಚ್ಚು ಸತಾಯಿಸಿದ್ದು ವಿಭಕ್ತಿ. ‘ದೊರೆಯನ್ನು ಹುಡುಕು (3)’ ಅಂದರೆ ಅರಸು, ಎರಡರ್ಥ. ಹಾಗಾದರೆ ‘ಅನ್ನು’ ಉಳಿಕೆ ಅಲ್ಲವಾ ಅಂತ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ನಾನು ಹಿಡಿದಿರುವ ಕಟ್ಟಳೆ ಹೀಗೆ: ಸಮಾನಾರ್ಥಕ ಪದಕ್ಕೆ ಅಂಟಿದ ಪ್ರತ್ಯಯ ಬರೀ ಗಾರೆ, ಲೆಕ್ಕಕ್ಕಿಲ್ಲ. ಅಕ್ಷರವನ್ನೇ ಎತ್ತಿಕೊಳ್ಳುವ ಕಲಸಾಟ, ಅಡಗಾಟದಲ್ಲಿ (ಉತ್ತರ ಸುಳಿವಿನ ಅಕ್ಷರಗಳ ಸಾಲಿನೊಳಗೇ ಅಡಗಿರೋದು) ಪ್ರತ್ಯಯದ ಅಕ್ಷರವೂ ಸಾಮಾನೇ. ‘ಕಾಗದ ಗಟ್ಟಿಯಾಗಿದೆ, ಒಳಗೊಂದು ಊರಿದೆ (3)’ ಅನ್ನೋದರಲ್ಲಿ ಕಾ-ಗ-ದ-ಗ-ಟ್ಟಿ ಸಾಲಿನಲ್ಲಿ ಗದಗ ಕೂತಿದೆ. ಅಲ್ಲಿ ‘ಕಾಗದವು’ ಅಂತ ಶುದ್ಧ ಮಾಡಲು ಹೋದರೆ ಗದಗ ಒಡೆದುಹೋಗುತ್ತದೆ. ಪ್ರೂಫ್ ತಿದ್ದುವವರ ಕೈಗೆ ಇಂಥ ಸುಳಿವು ಕೊಡಲೇಬೇಡಿ. ಆದರೆ ಉತ್ತರದಲ್ಲೇ ವಿಭಕ್ತಿ ಇದ್ದರೆ ಅರ್ಥದಲ್ಲೂ ಅದೇ ಇರಬೇಕು. ‘ಗಮನ ಚೆದುರಿದರೆ ಪುತ್ರನ (3)’ ಅಂದರೆ ಮಗನ. ಪುತ್ರ ಅಂತ ಬರೆದರೆ ಸುಳಿವು ಸತ್ತಿತು.

ಸಮಾನಾರ್ಥಕ ಊಹಿಸಿ, ಆಮೇಲೆ ಅದನ್ನು ಕಲಸು ಅನ್ನೋದನ್ನು ಇಂಗ್ಲಿಷಿನ ಕಟ್ಟುನಿಟ್ಟಿನವರು ಒಪ್ಪಲ್ಲ, ನಾನೂ ಒಪ್ಪಲ್ಲ. ತಿರುಗಿಸೋದಕ್ಕೆ ಮಾತ್ರ ರಿಯಾಯಿತಿ. ‘ಜಂಬೂಸವಾರಿಯಲ್ಲಿ ಬಂದವನು ಹಿಂತಿರುಗಿದರೆ ಲೋಕ (2)’ ಅಂದರೆ ಗಜ, ಜಗ. ದಿನ ತಿರುಗಿದರೆ ನದಿ. ಎರಡಕ್ಷರ ತಾನೆ, ಇರೋದು ಒಂದೇ ದಾರಿ.

ಉಚ್ಚಾರದ ಆಟ ಕನ್ನಡದಲ್ಲಿ ಸಾಧ್ಯವೇ ಇಲ್ಲ ಅಂತಿದ್ದರು, ಬರೆದಂತೆ ಓದುತ್ತೇವಲ್ಲ. ಅದಕ್ಕೆ ನಮ್ಮ ಸೀಮೆಯ ಹಕಾರ ಬಿಡುವ ಮಾತು ಕೆಲಸಕ್ಕೆ ಬಂತು. ‘ಮಂಡ್ಯದ ಬಾಯಲ್ಲಿ ಗೀತೆ ಮೇಯಲು ಹೋಯಿತು (2)’: ಹಾಡು ಹೋಗಿ ಆಡು. ಹರಸು ಅನ್ನೋದು ಅರಸು ಆಗೋದೂ ಇದೇ ದಾರಿ. ಗೇಲಿ ಮಾಡಿದ ಹಾಗಾಗುತ್ತೆ ಅಂತ ಮೈಸೂರಿನ ಕೆಲವರು ಬೇಸರಪಟ್ಟರು. ಮಂಡ್ಯದವರು ಇನ್ನೆರಡು ಬರೆದು ಕಳಿಸಿದರು. ಹಳಗನ್ನಡದ ಪದ ತುಂಬಿದ ಒಂದು ವಿಶೇಷ ಹಾಳೆಯನ್ನೂ ಮಾಡಿ ನೋಡಿದೆ, ಮೇಷ್ಟರುಗಳು ಬಿಟ್ಟರೆ ಯಾರೂ ಮುಟ್ಟಲಿಲ್ಲ. ಅಷ್ಟು ಜೆರಾಕ್ಸ್ ದುಡ್ಡು ದಂಡ.

ದುಡ್ಡಿನ ಮಾತು ಬಂತಲ್ಲ. ಎರಡು ಬದಿಗೆ ಹಾಳೆಗೆ ಮೂರು ರೂಪಾಯಿ ಬೀಳುತ್ತದೆ, ಕಾಲೇಜು ಮುಂದಿನ ಅಂಗಡಿಯಲ್ಲಿ ಒಟ್ಟಿಗೆ ಕೊಟ್ಟರೆ ಎರಡೂವರೆ. ವಾರಕ್ಕೆ ನೂರೈವತ್ತರ ಆಸುಪಾಸು. ಹಾಳೆಗೆ ಐದು ರೂಪಾಯಿ ಇಟ್ಟಿದ್ದೇನೆ, ಅರ್ಧ ಜನ ಕೊಡುತ್ತಾರೆ, ಹೆಚ್ಚುಕಮ್ಮಿ ಸರಿಹೋಗುತ್ತದೆ. ಕೈ ಸುಡೋದು ಬಹುಮಾನ. ಸರಿಯುತ್ತರ ಬರೆದವರಿಗೆಲ್ಲ ನೂರು ರೂಪಾಯಿ ಅಂತ ಸಾರಿದ್ದ ಕಾಲದಲ್ಲಿ ‘ಎತ್ತಲಿಂದ ನೋಡಿದರೂ ಒಂದೇ (3)’ ಅಂತ ಒಂದು ಸುಳಿವು ಹೋಯಿತು. ನಯನ ಬಂತು, ಕಿಟಕಿ ಬಂತು, ಕನಕ, ಜಲಜ, ಸರಸ ಎಲ್ಲ ಬಂದವು. ಹಾಯುವ ಪದ ಇದ್ದದ್ದು ನಡುವಿನ ಚೌಕಕ್ಕೆ ಒಂದು ಮಾತ್ರ, ಅದಕ್ಕೂ ಎರಡು ಉತ್ತರ ಕೂರುತ್ತಿತ್ತು. ಸಾವಿರದ ಹತ್ತಿರ ಬಿಚ್ಚಬೇಕಾಯಿತು. ಈಗ ಅದೇ ಸುಳಿವು ‘ಒಳಗಿನಿಂದ ನೋಡಿದರೂ ಹೊರಗಿನಿಂದ ನೋಡಿದರೂ ಒಂದೇ’ ಅಂತ ಹೋಗುತ್ತದೆ, ಕಿಟಕಿ ಬಿಟ್ಟು ಬೇರೆ ಕೂರಲ್ಲ. ಬಹುಮಾನವನ್ನೂ ಚೀಟಿ ಎತ್ತಿ ಒಬ್ಬರಿಗೆ ಕಾಲು ಕಿಲೋ ಮೈಸೂರುಪಾಕಿಗೆ ಇಳಿಸಿದ್ದೇನೆ. ಅದಕ್ಕೆ ಯಾರೂ ತಕರಾರು ತೆಗೆದಿಲ್ಲ.

ಮುಂದಿನ ಹಾಳೆಗೆ ಇಟ್ಟುಕೊಂಡ ಎರಡು ಸುಳಿವು ಇಲ್ಲೇ ಬಿಡುತ್ತೇನೆ, ಮೂರು ಸಾಲು ನೀವೇ ಬರೆದುಕೊಳ್ಳಿ: ‘ಯಾವಾಗಲೂ ಹಿಂದೆ ಸರಿಯುವ ಸೇವಕ (2)’, ‘ಯುದ್ಧದಲ್ಲಿ ತಲೆ ಹೋದರೂ ನೆರಳು ಕೊಡುವುದು (2)’. ಎರಡನೆಯದರಲ್ಲಿ ಉಳಿಕೆ ಒಂದಿದೆ ಅಂತ ವಾದ ಮಾಡಬಹುದು. ‘ಊ’ ಅನ್ನೋ ಪ್ರತ್ಯಯದ ಬಗ್ಗೆ ನನ್ನ ಕಟ್ಟಳೆ ಇನ್ನೂ ಗಟ್ಟಿಯಾಗಿಲ್ಲ.