ಹಳೆಯ ಸ್ಪೋರ್ಟಿ ಕಾರು: ಟರ್ಬೊ ಬೇಕೋ, ಟರ್ಬೊ ಇಲ್ಲದ್ದೇ ಸಾಕೋ?

ಚಿಕ್ಕಬಳ್ಳಾಪುರದ ಕಡೆ ಕೈಗೆಟುಕುವ ಬೆಲೆಗೆ ಹಳೆಯ ಸ್ಪೋರ್ಟಿ ಪೆಟ್ರೋಲ್ ಕಾರು ಹುಡುಕಲು ಹೊರಟವರು ಹೆಚ್ಚಾಗಿ ಎರಡು ಜೋಡಿಗಳ ಮುಂದೆ ಬಂದು ನಿಲ್ಲುತ್ತಾರೆ. ಒಂದು, ಫೋಕ್ಸ್‌ವ್ಯಾಗನ್ ಪೋಲೊ 1.6 ಮತ್ತು ಪೋಲೊ ಜಿಟಿ ಟಿಎಸ್‌ಐ. ಇನ್ನೊಂದು, ಫಿಯೆಟ್ ಲಿನಿಯಾ 1.4 ಫೈರ್ ಮತ್ತು ಲಿನಿಯಾ ಟಿ-ಜೆಟ್. ಪ್ರತಿ ಜೋಡಿಯಲ್ಲೂ ಮೊದಲನೆಯದಕ್ಕೆ ಟರ್ಬೊ ಇಲ್ಲ, ಎರಡನೆಯದಕ್ಕೆ ಇದೆ. ಟರ್ಬೊ ಎಂದರೆ ಎಂಜಿನ್ ಬಿಡುವ ಹೊಗೆಯ ರಭಸದಿಂದ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು. ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ: ಪೋಲೊ ಆದರೆ ಟರ್ಬೊ ಇಲ್ಲದ 1.6, ಲಿನಿಯಾ ಆದರೆ ಟಿ-ಜೆಟ್. ಆದರೆ ಯಾವುದೇ ಟರ್ಬೊ ಕಾರಿಗೂ ಒಂದು ಷರತ್ತಿದೆ. ಆಯಿಲ್ ಬದಲಿಸಿದ ಬಿಲ್ಲುಗಳು ವರ್ಷವಾರು ಸಿಗಬೇಕು. ಬಿಲ್ಲಿಲ್ಲದ ಟರ್ಬೊ ಕಾರು ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟುಬಿಡಿ.

ಎರಡು ಜೋಡಿಗೆ ಎರಡು ಉತ್ತರ ಯಾಕೆ

ಬ್ರೋಷರಿನಲ್ಲಿ ಎಲ್ಲರೂ ನೋಡುವುದು ಪಿಎಸ್ ಅಂಕಿ, ಅಂದರೆ ಎಂಜಿನ್ನಿನ ಶಕ್ತಿ. ಆ ಲೆಕ್ಕದಲ್ಲಿ ಎರಡೂ ಪೋಲೊಗಳು ಒಂದೇ, ತಲಾ 105 ಪಿಎಸ್. ವ್ಯತ್ಯಾಸ ಇರುವುದು ಟಾರ್ಕಿನಲ್ಲಿ, ಅಂದರೆ ಎನ್‌ಎಂನಲ್ಲಿ ಅಳೆಯುವ ತಿರುಗಿಸುವ ಬಲದಲ್ಲಿ. 1.6 ಎಂಜಿನ್ 153 ಎನ್‌ಎಂ ಕೊಡುತ್ತದೆ, ಅದೂ 3,800 ಆರ್‌ಪಿಎಂ ಹತ್ತಿರ. 1.2 ಲೀಟರಿನ ಟಿಎಸ್‌ಐ 1,500ರಿಂದಲೇ 175 ಎನ್‌ಎಂ ಕೊಡುತ್ತದೆ. 2,000 ಆರ್‌ಪಿಎಂನಲ್ಲಿ ಟಿಎಸ್‌ಐ ಸುಮಾರು 50 ಪಿಎಸ್ ಎಳೆದರೆ 1.6 ಹೆಚ್ಚೆಂದರೆ 43 ಎಳೆದೀತು. ಈ ಅಂತರ ಗೊತ್ತಾಗುತ್ತದೆ, ಆದರೆ ಒಂದು ಗೇರ್ ಇಳಿಸಿದರೆ ತುಂಬಿಹೋಗುತ್ತದೆ.

ಲಿನಿಯಾದ ಕಥೆ ಬೇರೆ. ಎರಡಕ್ಕೂ ಸಿಸಿ ಒಂದೇ, 1,368. ಫೈರ್ 90 ಪಿಎಸ್, 115 ಎನ್‌ಎಂ. ಟಿ-ಜೆಟ್ 114 ಪಿಎಸ್, 2,200 ಆರ್‌ಪಿಎಂನಲ್ಲೇ 207 ಎನ್‌ಎಂ. ಆ 2,200ರಲ್ಲಿ ಟಿ-ಜೆಟ್ ಹತ್ತಿರ ಹತ್ತಿರ 65 ಪಿಎಸ್ ಕೊಡುವಾಗ, ಫೈರ್ ತನ್ನ ಪೂರ್ತಿ ಟಾರ್ಕ್ ಅಲ್ಲೇ ಕೊಟ್ಟಿತೆಂದುಕೊಂಡರೂ 36 ದಾಟುವುದಿಲ್ಲ. ಕಾರಿನ ತೂಕವೋ 1,200 ಕಿಲೋ ಆಸುಪಾಸು. ನಾಲ್ಕು ಜನ ಕೂತು ಎಸಿ ಹಾಕಿದರೆ ಫೈರ್ ಏದುಸಿರು ಬಿಡುತ್ತದೆ. ಅಷ್ಟು ಒಳ್ಳೆಯ ಸ್ಟೀರಿಂಗ್, ಸಸ್ಪೆನ್ಷನ್ ಇರುವ ಕಾರಿಗೆ ಆ ಎಂಜಿನ್ ಅನ್ಯಾಯ.

ಗೇರ್‌ಬಾಕ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟಿ-ಜೆಟ್‌ಗೆ ಮಾಮೂಲಿ ಮ್ಯಾನುಯಲ್. ಜಿಟಿ ಟಿಎಸ್‌ಐಗೆ 7 ಗೇರಿನ ಆಟೊಮ್ಯಾಟಿಕ್, ಡಿಎಸ್‌ಜಿ. ಒಳಗೆ ಎರಡು ಒಣ ಕ್ಲಚ್, ಅವನ್ನು ಆಡಿಸಲು ಮೆಕಾಟ್ರಾನಿಕ್ ಎಂಬ ಹೈಡ್ರಾಲಿಕ್-ಎಲೆಕ್ಟ್ರಾನಿಕ್ ಘಟಕ. ಅದರೊಳಗಿನ ಆಯಿಲ್ ಒತ್ತಡ ಸೋರಿದರೆ ಗೇರ್ ಬೀಳುವುದೇ ನಿಲ್ಲುತ್ತದೆ. ಹೊಸ ಘಟಕ ಹಾಕಿಸಿದರೆ ಖರ್ಚು ಲಕ್ಷ ರೂಪಾಯಿ ದಾಟುತ್ತದೆ. ಪೋಲೊ ಟರ್ಬೊ ಬೇಡ ಎನ್ನಲು ನಮಗಿರುವ ಮುಖ್ಯ ಕಾರಣ ಟರ್ಬೊ ಅಲ್ಲ, ಈ ಗೇರ್‌ಬಾಕ್ಸ್.

ನಮ್ಮ ಎತ್ತರದ ಲೆಕ್ಕ

ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ 8ರಿಂದ 10 ಶೇಕಡಾ ಕಡಿಮೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ 14 ಶೇಕಡಾದಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಸಿಕ್ಕಷ್ಟೇ ಗಾಳಿ ಕುಡಿಯುವುದರಿಂದ ಶಕ್ತಿಯೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. 105 ಪಿಎಸ್ ಪೋಲೊ ಬೆಟ್ಟದ ಮೇಲೆ 90ರ ಕಾರು. ಟರ್ಬೊ ಎಂಜಿನ್ನಿನಲ್ಲಿ ಕಂಪ್ಯೂಟರ್ ವೇಸ್ಟ್‌ಗೇಟನ್ನು (ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಟರ್ಬೊದ ಪಕ್ಕದಿಂದ ಬಿಡುವ ಬಾಗಿಲು) ಇನ್ನಷ್ಟು ಹೊತ್ತು ಮುಚ್ಚಿಟ್ಟು ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ. ಆದರೆ ಅದಕ್ಕಾಗಿ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕು, ಹೆಚ್ಚು ಬಿಸಿಯಾಗಬೇಕು. ಸವೆದ ಬೇರಿಂಗ್, ಸೋರುವ ಹೋಸ್ ಎಲ್ಲವೂ ಘಾಟಿಯಲ್ಲೇ ಬಯಲಾಗುವುದು ಇದೇ ಕಾರಣಕ್ಕೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ರಸ್ತೆ ಬೇಕಿಲ್ಲ.

ಟರ್ಬೊ ಕಾರನ್ನು ನೋಡುವ ಕ್ರಮ

ಬೆಳಿಗ್ಗೆ ಬೇಗ ಹೋಗಿ. ನೀವು ಬರುವ ಮೊದಲು ಕಾರು ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಫೋನಿನಲ್ಲೇ ಹೇಳಿರಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೊರಡಿ. ಕೋಲ್ಡ್ ಸ್ಟಾರ್ಟ್ ನೋಡದೆ ಟರ್ಬೊ ಕಾರು ಕೊಳ್ಳುವಂತಿಲ್ಲ.

ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ. ಆಯಿಲ್ ಹಾಕುವ ಮುಚ್ಚಳ ತೆರೆದು ಒಳಗೆ ಟಾರ್ಚ್ ಬಿಡಿ. ತೆಳು ಕಂದು ಬಣ್ಣ ಸಹಜ. ಕಪ್ಪಗೆ ಗಟ್ಟಿ ಮಡ್ಡಿ ಕಟ್ಟಿದ್ದರೆ ಆಯಿಲ್ ಬದಲಾವಣೆ ತಪ್ಪಿಸಿದ್ದಾರೆ ಎಂದರ್ಥ. ಅದೇ ಮಡ್ಡಿ ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪಿನಲ್ಲೂ ಇರುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟ್ ಆ ಪೈಪಿನ ಆಯಿಲ್ ಪದರದ ಮೇಲೇ ತೇಲಬೇಕು.

ಸ್ಟಾರ್ಟ್ ಆದ ಮೇಲೆ ಹೊಗೆಯನ್ನು ಹೀಗೆ ಓದಿ. ಶುರುವಿನಲ್ಲಿ ಮಾತ್ರ ಒಂದು ಬಾರಿ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ಮೂರ್ನಾಲ್ಕು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಮೋಡ ಬಂದರೆ ಟರ್ಬೊದ ಆಯಿಲ್ ಸೀಲ್ ನೋಡಬೇಕು. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಕೂಲೆಂಟ್ ಉರಿಯುತ್ತಿದೆ. ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಬರುವ ಬಿಳಿ ಆವಿ ಬರೀ ನೀರು, ಅದಕ್ಕೆ ಹೆದರಬೇಡಿ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬರುವಾಗ ಕಪ್ಪು ಹೊಗೆ ಕಂಡರೆ ಎಲ್ಲೋ ಹೋಸ್ ಬಿರಿದಿರಬಹುದು. ಅಳೆದ ಗಾಳಿ ಎಂಜಿನ್ ತಲುಪದೆ ಪೆಟ್ರೋಲ್ ಮಾತ್ರ ತಲುಪುತ್ತಿರುತ್ತದೆ.

ಎಂಜಿನ್ ಆರಿಸಿ ತಣ್ಣಗಾದ ಮೇಲೆ, ಮಾಲೀಕರು ಒಪ್ಪಿದರೆ, ಜೊತೆಗೆ ಬಂದ ಮೆಕ್ಯಾನಿಕ್ಕಿನಿಂದ ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪ್ ಬಿಚ್ಚಿಸಿ. ಒಳಗೆ ಕಾಣುವ ಫ್ಯಾನಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರಬಹುದು. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ರೆಕ್ಕೆಯ ತುದಿ ಗೋಡೆಗೆ ತಾಗಿದ ಗುರುತಿದ್ದರೆ ಬೇರಿಂಗ್ ಸವೆದಿದೆ. ರೆಕ್ಕೆಯ ಅಂಚು ಒರಟಾಗಿ ತಿಂದುಹೋಗಿದ್ದರೆ ಧೂಳು ಒಳನುಗ್ಗಿದೆ. ಕಲ್ಲು ಕ್ವಾರಿಗಳ ಟಿಪ್ಪರ್ ಓಡಾಡುವ ದಾರಿಯಲ್ಲಿ ದಿನವೂ ಓಡಿದ ಕಾರಿನಲ್ಲಿ ಇದನ್ನು ತಪ್ಪದೆ ನೋಡಿ. ಅಗ್ಗದ ಏರ್ ಫಿಲ್ಟರ್ ಹಾಕಿದವರು ಉಳಿಸಿದ ಕೆಲವು ನೂರು ರೂಪಾಯಿಯನ್ನು ಆ ರೆಕ್ಕೆಗಳು ತೆತ್ತಿರುತ್ತವೆ. ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಸಿನ ಒಳಗೆ ತೆಳುವಾಗಿ ಆಯಿಲ್ ಸವರಿದಂತಿದ್ದರೆ ಸಹಜ. ಬಗ್ಗಿಸಿದರೆ ಆಯಿಲ್ ಹರಿದು ಬಂದರೆ ಸಹಜವಲ್ಲ.

ಇನ್ನು ಸ್ಕ್ಯಾನರ್. ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಓಬಿಡಿ ಪೋರ್ಟಿಗೆ ಅದನ್ನು ಹಾಕಿ ಪಿ0299 ಅಥವಾ ಪಿ0234 ಇದೆಯೇ ನೋಡಿ. ಮೊದಲನೆಯದು ಬೂಸ್ಟ್ ಸಾಲದು ಎಂಬ ಕೋಡ್, ಎರಡನೆಯದು ಬೂಸ್ಟ್ ಹೆಚ್ಚಾಯಿತು ಎಂಬ ಕೋಡ್. ಯಾವ ಕೋಡೂ ಇಲ್ಲ ಎಂದು ಕೂಡಲೇ ಸಮಾಧಾನಪಡಬೇಡಿ. ನೀವು ಬರುವ ಹಿಂದಿನ ದಿನ ಅಳಿಸಿರಬಹುದು. ಹಾಗೆ ಅಳಿಸಿದ್ದರೆ, ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪುಟ ತೆರೆದಾಗ ಹಲವು ಪರೀಕ್ಷೆಗಳು ‘ಪೂರ್ತಿಯಾಗಿಲ್ಲ’ ಎಂದು ತೋರಿಸುತ್ತವೆ. ಇತ್ತೀಚೆಗೆ ಕೋಡ್ ಅಳಿಸಿದ್ದಕ್ಕೋ ಬ್ಯಾಟರಿ ಬಿಚ್ಚಿದ್ದಕ್ಕೋ ಅದು ಗುರುತು.

ರೀಮ್ಯಾಪ್ ಮಾಡಿಸಿದ, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದ ಕಾರಾದರೆ ಇನ್ನೂ ಎಚ್ಚರ. ಪೋಲೊ ಜಿಟಿಯ ಡಿಎಸ್‌ಜಿ ಗೇರ್‌ಬಾಕ್ಸಿನ ಮಿತಿ 250 ಎನ್‌ಎಂ. ರೀಮ್ಯಾಪ್ ಆದ ಎಂಜಿನ್ ಆ ಮಿತಿಯ ಹತ್ತಿರವೇ ದಿನಾ ದುಡಿಯುತ್ತಿರುತ್ತದೆ. ‘ಸ್ಟಾಕ್‌ಗೆ ವಾಪಸ್ ಮಾಡಿಸಿದ್ದೇನೆ’ ಎಂಬ ಮಾತಿನಿಂದ ಸವೆದ ಕ್ಲಚ್ ವಾಪಸ್ ಬರುವುದಿಲ್ಲ.

ಟರ್ಬೊ ಇಲ್ಲದ್ದನ್ನು ನೋಡುವಾಗ

ಇದು ಸಲೀಸು. ಎಂಜಿನ್ ಬಿಸಿ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಹಿಂಡಿದಾಗಿನ ಒತ್ತಡ) ಅಳೆಯಿಸಿ. ಪೆಟ್ರೋಲ್ ಮತ್ತು ಇಗ್ನಿಷನ್ ಕಡಿತಗೊಳಿಸಿರಬೇಕು. ಸಿಲಿಂಡರುಗಳ ನಡುವೆ 10ರಿಂದ 15 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ. ಹಾಗೆಯೇ ಕ್ಲಚ್, ಎಂಜಿನ್ ಮೌಂಟಿಂಗ್, ರೇಡಿಯೇಟರ್ ನೋಡಿದರೆ ಮುಗಿಯಿತು. ಇದೇ ಕಂಪ್ರೆಷನ್ ಪರೀಕ್ಷೆಯನ್ನು ಟರ್ಬೊ ಕಾರಿಗೂ ಮಾಡಿಸಿ. ಅಂಕಿ ಎಷ್ಟಿರಬೇಕೆಂದು ಆ ಎಂಜಿನ್ನಿನ ವರ್ಕ್‌ಶಾಪ್ ಕೈಪಿಡಿ ನೋಡಿ, ಒಂದರದ್ದನ್ನು ಇನ್ನೊಂದಕ್ಕೆ ಹೋಲಿಸಬೇಡಿ.

ಟರ್ಬೊ ಇಲ್ಲದ್ದನ್ನು ಕೊಂಡು ಆಮೇಲೆ ಟರ್ಬೊ ಹಾಕಿಸುತ್ತೇನೆ ಎಂಬ ಯೋಚನೆ ಬೇಡ. 1980ರ ದಶಕದ ಪೋರ್ಷೆ 944ರಲ್ಲೇ ಉತ್ತರವಿದೆ. ಟರ್ಬೊ ಇಲ್ಲದ ಯುರೋಪಿನ ಮಾದರಿಗೆ ಕಂಪ್ರೆಷನ್ ಅನುಪಾತ (ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಲೆಕ್ಕ) 10.6:1, ಟರ್ಬೊಗೆ 8.0:1. ಒತ್ತಿ ತುಂಬಿದ ಗಾಳಿಯನ್ನು ಮತ್ತೆ ಅಷ್ಟೇ ಹಿಂಡಿದರೆ ಮಿಶ್ರಣ ಹದ ತಪ್ಪಿ ತಾನಾಗಿಯೇ ಸಿಡಿದು ಪಿಸ್ಟನ್ ಒಡೆಯಬಹುದು. ಅದಕ್ಕೇ ಪಿಸ್ಟನ್ ಮೊದಲ್ಗೊಂಡು ಎಲ್ಲವನ್ನೂ ಬೇರೆಯಾಗಿ ಕಟ್ಟಿದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. ವಿಮೆಯ ಕ್ಲೈಮಿಗೂ ತೊಡಕು.

ಓಡಿಸಿ ನೋಡುವುದು

ವಾರದ ದಿನ ಬೆಳಿಗ್ಗೆ ನಂದಿ ಬೆಟ್ಟದ ದಾರಿ ಹಿಡಿಯಿರಿ. ಶನಿವಾರ, ಭಾನುವಾರ ಬೆಂಗಳೂರಿನ ಗಾಡಿಗಳ ಸಾಲಿನಲ್ಲಿ ಏನೂ ತಿಳಿಯುವುದಿಲ್ಲ. ಹೇರ್‌ಪಿನ್ ತಿರುವಿನಿಂದ ಎರಡನೇ ಗೇರಿನಲ್ಲಿ ಹೊರಬರುವಾಗ ಸದ್ದು ಕೇಳಿ. ಹಗುರವಾದ ಶಿಳ್ಳೆ ಟರ್ಬೊದ ಸಹಜ ಸದ್ದು. ಆಂಬುಲೆನ್ಸ್ ಸೈರನ್ನಿನಂತೆ ಏರುವ ಕೂಗು ಬೇರಿಂಗ್ ಸವೆದ ಲಕ್ಷಣ. ಬುಸ್ಸೆನ್ನುವ ಸದ್ದಿನ ಜೊತೆ ಪಿಕಪ್ ಕಡಿಮೆಯಾದರೆ ಹೋಸ್ ಸೋರಿಕೆ. ಡಿಎಸ್‌ಜಿ ಆದರೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಒಂದು-ಎರಡು-ಒಂದು ಗೇರುಗಳ ನಡುವೆ ನಡುಕ ಬಂದರೆ, ಡ್ಯಾಶ್‌ಬೋರ್ಡಿನ ಗೇರ್ ಗುರುತು ಮಿನುಗಿದರೆ, ಅಲ್ಲಿಂದಲೇ ಕಾರು ವಾಪಸ್ ಕೊಡಿ.

ಇಳಿದ ಮೇಲೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆ ಸ್ವಲ್ಪ ದೂರ ಹೋಗಿ. ಐದನೇ ಗೇರಿನಲ್ಲಿ 60ರಿಂದ 90ಕ್ಕೆ ಏರಿಸಿ. ಟಿ-ಜೆಟ್ 2,200 ದಾಟುತ್ತಿದ್ದಂತೆ ಒಂದೇ ಸಮನೆ ಎಳೆಯಬೇಕು, ನಡುವೆ ಮುಗ್ಗರಿಸಬಾರದು. ಮುಗ್ಗರಿಸಿದರೆ ಮೊದಲು ಇಗ್ನಿಷನ್ ಕಾಯಿಲ್ ಮತ್ತು ಪ್ಲಗ್ ಗ್ಯಾಪ್ ನೋಡಿಸಿ. ಬೂಸ್ಟಿನ ಒತ್ತಡದಲ್ಲಿ ಅಗಲವಾದ ಗ್ಯಾಪನ್ನು ಕಿಡಿ ದಾಟುವುದಿಲ್ಲ. ಇದು ಅಗ್ಗದ ದೋಷ, ಇದನ್ನು ಹಿಡಿದು ಬೆಲೆ ಇಳಿಸಬಹುದು.

ಬಿಡಿಭಾಗ, ಪೆಟ್ರೋಲ್, ಕಾಗದ

ಫಿಯೆಟ್ ಭಾರತದ ಮಾರುಕಟ್ಟೆ ಬಿಟ್ಟು ಹೋಗಿದೆ. ‘ಸ್ವಿಫ್ಟ್ ಡೀಸೆಲ್‌ದೂ ಫಿಯೆಟ್ ಎಂಜಿನ್ನೇ ಅಲ್ಲವೇ, ಪಾರ್ಟ್ಸ್ ಸಿಗುತ್ತದೆ’ ಎಂಬ ಮಾತು 1.3 ಮಲ್ಟಿಜೆಟ್‌ಗೆ ಮಾತ್ರ ನಿಜ, ಟಿ-ಜೆಟ್ ಪೆಟ್ರೋಲಿಗಲ್ಲ. ಮುಂಗಡ ಕೊಡುವ ಮೊದಲು ಬೆಂಗಳೂರಿನ ಬಿಡಿಭಾಗದ ಅಂಗಡಿಗಳಿಗೆ ಫೋನ್ ಮಾಡಿ ಮೂರು ವಸ್ತು ಕೇಳಿ: ಟರ್ಬೊ, ಟೈಮಿಂಗ್ ಬೆಲ್ಟ್ ಕಿಟ್, ಹೆಡ್‌ಲೈಟ್. ಬೆಲೆ ಮತ್ತು ಎಷ್ಟು ದಿನದಲ್ಲಿ ಬರುತ್ತದೆ ಎರಡನ್ನೂ ಬರೆದುಕೊಳ್ಳಿ. ಟರ್ಬೊ ಕಾರಿಗೆ ಕೊಂಡ ಬೆಲೆಯ ಕಾಲುಭಾಗವನ್ನು ಬೇರೆಯಾಗಿ ಎತ್ತಿಡಿ, ಟರ್ಬೊ ಇಲ್ಲದ್ದಕ್ಕೆ ಹತ್ತನೇ ಒಂದು ಭಾಗ ಸಾಕು. ಕಾಲುಭಾಗ ಎತ್ತಿಡಲು ಆಗದಿದ್ದರೆ ನಿಮಗೆ ಪೋಲೊ 1.6 ಸರಿ.

ಈ ಕಾರುಗಳು ಇ20 (20 ಶೇಕಡಾ ಎಥೆನಾಲ್ ಬೆರೆಸಿದ) ಪೆಟ್ರೋಲ್ ಬರುವ ಮುಂಚಿನವು. ಹಳೆಯ ಇಂಧನ ಪೈಪ್, ಸೀಲುಗಳು ಎಥೆನಾಲಿಗೆ ಊದಿ ಬಿರಿಯಬಹುದು. ಹದಿನೈದು ದಿನ ನಿಲ್ಲಿಸಿಟ್ಟ ಕಾರಿನ ಬಳಿ ಪೆಟ್ರೋಲ್ ವಾಸನೆ ಬಂದರೆ ಆ ಪೈಪುಗಳನ್ನೇ ಮೊದಲು ನೋಡಿ, ಬಿಸಿ ಟರ್ಬೊ ಪಕ್ಕದಲ್ಲಿ ಪೆಟ್ರೋಲ್ ಸೋರುವುದು ಅಪಾಯ.

ಕಾಗದದಲ್ಲಿ ಆರ್‌ಸಿ ಜೊತೆ ಬಿ ಎಕ್ಸ್‌ಟ್ರಾಕ್ಟ್ (ಆರ್‌ಟಿಒ ನೋಂದಣಿ ದಾಖಲೆಯ ಪ್ರತಿ) ತೆಗೆಸಿ, ಸಾಲ ಬಾಕಿ ಇದೆಯೇ ಎಂಬುದು ಅದರಲ್ಲಿ ಬರುತ್ತದೆ. ವರ್ಗಾವಣೆಗೆ ಫಾರಂ 29 ಮತ್ತು 30. ಸಾಲ ತೀರಿದ್ದರೆ ಫಾರಂ 35. ನೋಂದಣಿಗೆ 15 ವರ್ಷ ತುಂಬಿದ ಕಾರಿಗೆ ಫಾರಂ 25 ಕೊಟ್ಟು, ತಪಾಸಣೆ ಮಾಡಿಸಿ, 5 ವರ್ಷಕ್ಕೆ ನವೀಕರಿಸಬೇಕು. 2009–10ರ ಲಿನಿಯಾ, ಪೋಲೊಗಳು ಈಗ ಆ ವಯಸ್ಸಿನವು. ನವೀಕರಣ ಮಾರುವವರೇ ಮಾಡಿಸಿಕೊಡಲಿ, ಅಥವಾ ಆ ಖರ್ಚು ಬೆಲೆಯಲ್ಲಿ ಕಳೆಯಲಿ.

ಟರ್ಬೊ ಕಾರು ಮನೆಗೆ ಬಂದ ಮೊದಲ ವಾರ

ಮೊದಲು ಆಯಿಲ್ ಮತ್ತು ಫಿಲ್ಟರ್. ಕೈಪಿಡಿ ಹೇಳಿದ ದರ್ಜೆಯ ಪೂರ್ತಿ ಸಿಂಥೆಟಿಕ್ಕನ್ನೇ ಹಾಕಿಸಿ, ಮುಂದೆ 7,500 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಟಿ-ಜೆಟ್‌ನ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಅದು ಹಳೆಯದೇ ಎಂದುಕೊಂಡು ಟೆನ್ಷನರ್, ವಾಟರ್ ಪಂಪ್ ಸಮೇತ ಬದಲಿಸಿ. ಬೆಲ್ಟ್ ಹರಿದರೆ ವಾಲ್ವುಗಳು ಬಗ್ಗುತ್ತವೆ. ಕೂಲೆಂಟ್ ಪೂರ್ತಿ ಬಸಿದು ಹೊಸದು ತುಂಬಿಸಿ, ಬೇರೆ ಬೇರೆ ಬಗೆಯವನ್ನು ಬೆರೆಸಬೇಡಿ. ಏರ್ ಫಿಲ್ಟರ್ ಒರಿಜಿನಲ್ ಹಾಕಿ. ಎಲ್ಲ ಹೋಸ್ ಕ್ಲಿಪ್ ಒಮ್ಮೆ ಬಿಗಿ ಮಾಡಿಸಿ. ಬೆಟ್ಟ ಹತ್ತಿ ಮೇಲೆ ನಿಲ್ಲಿಸುವಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆರಿಸಿ. ಕೆಂಪಗೆ ಕಾದ ಟರ್ಬೊಗೆ ಆಯಿಲ್ ಹರಿವು ತಟ್ಟನೆ ನಿಂತರೆ ಒಳಗೆ ಉಳಿದ ಆಯಿಲ್ ಸುಟ್ಟು ಕರಿಯಾಗುತ್ತದೆ. ಆಯಿಲ್ ಬದಲಿಸಿದ 1,000 ಕಿಲೋಮೀಟರಿಗೆ ಡಿಪ್‌ಸ್ಟಿಕ್ ಮತ್ತೆ ನೋಡಿ. ಮಟ್ಟ ಅರ್ಧ ಲೀಟರಿಗಿಂತ ಹೆಚ್ಚು ಇಳಿದಿದ್ದರೆ, ಆಯಿಲ್ ಹೋಗುತ್ತಿರುವುದು ಟರ್ಬೊದಿಂದಲೋ ಪಿಸ್ಟನ್ ರಿಂಗಿನಿಂದಲೋ ಎಂದು ತಿಳಿಯಲು ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿ. ಅದು ಗೊತ್ತಾಗುವವರೆಗೆ ಎಂಜಿನ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ.